ರುಜುವಿನ ಹೆಬ್ಬೆಟ್ಟು, ಪರದೆಯ ಹೆಬ್ಬೆರಳು

ರಾಯಚೂರು ಜಿಲ್ಲೆಯ ಮಾನ್ವಿ ಕಡೆ ಭತ್ತದ ದರ ಹೇಳುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಸುಗ್ಗಿಯಲ್ಲಿ ಆ ದರ ಈಗ ಬಾಯಿಂದ ಬಾಯಿಗೆ ಹೋಗುವ ಮೊದಲೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗಿರುತ್ತದೆ. ದಲಾಲರು ಕಾಳಿನ ಫೋಟೊ ಹಾಕಿ, ಕೆಳಗೆ ದರ ಬರೆದು, ‘ಏನಂತೀರಿ ಗೌಡ್ರ?’ ಎಂದು ಕೇಳುತ್ತಾರೆ. ರೈತ ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಆದರೆ ಅವನು ಹೇಳಿದ್ದಾದರೂ ಏನು? ದರ ನೋಡಿದೆ ಎಂದನೇ, ದರ ಒಪ್ಪಿದೆ ಎಂದನೇ, ನಾಳೆಯೇ ಲಾರಿ ಕಳಿಸಿರಿ ಎಂದನೇ, ಇಲ್ಲವೆ ದೊಡ್ಡವರು ಕೇಳಿದರೆಂದು ಮರ್ಯಾದೆಗೆ ಒಂದು ಉತ್ತರ ಕೊಟ್ಟನೇ? ಮುಂದಿನ ಎರಡು ದಿನ ದರ ಅಲುಗಾಡದಿದ್ದರೆ ಇದನ್ನು ಯಾರೂ ಕೇಳುವುದಿಲ್ಲ. ಚೀಲಕ್ಕೆ ನೂರು ರೂಪಾಯಿ ಏರಿತೋ, ಇಳಿಯಿತೋ, ಆಗ ಇಡೀ ವ್ಯವಹಾರ ಈ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಕೆನಡಾದಲ್ಲಿ ಇಂಥದೇ ಒಂದು ವ್ಯವಹಾರ ಕೋರ್ಟು ಹತ್ತಿತು. ಸಸ್ಕ್ಯಾಚೆವನ್ ಪ್ರಾಂತ್ಯದ ಧಾನ್ಯ ಖರೀದಿ ಸಂಸ್ಥೆಯೊಂದು 2021ರ ಮಾರ್ಚ್‌ನಲ್ಲಿ ಅಗಸೆ ಖರೀದಿಯ ಕರಾರುಪತ್ರದ ಫೋಟೊ ತೆಗೆದು ರೈತನ ಮೊಬೈಲಿಗೆ ಕಳಿಸಿ, ಖಚಿತಪಡಿಸಿ ಎಂದು ಕೇಳಿತು. ರೈತ ಹೆಬ್ಬೆರಳಿನ ಎಮೋಜಿ ಕಳಿಸಿದ. ಸುಗ್ಗಿಯ ಹೊತ್ತಿಗೆ ಅಗಸೆಯ ದರ ಏರಿತ್ತು, ಮಾಲು ಹೋಗಲಿಲ್ಲ. ಕರಾರುಪತ್ರ ಕೈಸೇರಿತು ಎಂದಷ್ಟೇ ನಾನು ತಿಳಿಸಿದ್ದು ಎಂಬುದು ರೈತನ ವಾದವಾಗಿತ್ತು. 2023ರಲ್ಲಿ ನ್ಯಾಯಾಧೀಶರು ಅದನ್ನು ಒಪ್ಪದೆ, ಆ ಹೆಬ್ಬೆರಳು ರುಜುವಿಗೆ ಸಮ ಎಂದು ತೀರ್ಮಾನಿಸಿ, 82 ಸಾವಿರಕ್ಕೂ ಹೆಚ್ಚು ಕೆನಡಾ ಡಾಲರ್ ಪರಿಹಾರ ಕೊಡಬೇಕೆಂದರು. 2024ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿಯಿತು. ಈ ತೀರ್ಪಿನ ಬಲ ಇರುವುದು ಹಳೆಯ ರೂಢಿಯಲ್ಲಿ. ಅವರಿಬ್ಬರ ನಡುವೆ ಹಿಂದೆಯೂ ಹೀಗೆ ಮೊಬೈಲಿನಲ್ಲೇ ಕರಾರು ಆಗಿದ್ದವು; ‘ಸರಿ’, ‘ಹೂಂ’ ಎನ್ನುವಂಥ ತುಂಡು ಉತ್ತರ ಕೊಟ್ಟೇ ರೈತ ಮಾಲು ತಲುಪಿಸಿದ್ದ.

ಅದೇ 2024ರಲ್ಲಿ ಇನ್ನೊಂದು ಹೆಬ್ಬೆರಳು ನಮ್ಮ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಅಧಿಕಾರಿಯೊಬ್ಬರ ಕೊಲೆಯ ಸುದ್ದಿ ಬಂದಿದ್ದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈ ಚಿತ್ರ ಒತ್ತಿದ್ದಕ್ಕಾಗಿ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಒಬ್ಬರು ಕೆಲಸ ಕಳೆದುಕೊಂಡಿದ್ದರು. ಕೊಲೆಯನ್ನು ಸಂಭ್ರಮಿಸಿದರು ಎಂಬುದು ಇಲಾಖೆಯ ಆರೋಪ. ಇದು ‘ಸರಿ’ ಎನ್ನುವ ಮಾತಿನ ಬದಲಿಗೆ ಬಳಸುವ ಗುರುತು, ಸಂದೇಶ ನೋಡಿದ್ದೇನೆ ಎಂಬುದಕ್ಕಿಂತ ಹೆಚ್ಚಿನದನ್ನು ಇದರಲ್ಲಿ ಓದಲಾಗದು ಎಂದು ಹೈಕೋರ್ಟ್ ಹೇಳಿತು. ಅವರ ಕೆಲಸ ಉಳಿಯಿತು.

ಎರಡೂ ತೀರ್ಪುಗಳು ತಮ್ಮ ತಮ್ಮ ಸಂದರ್ಭಕ್ಕೆ ನ್ಯಾಯವಾದವೇ. ಆದರೆ ಅಕ್ಕಪಕ್ಕ ಇಟ್ಟು ನೋಡಿದರೆ, ಕೆನಡಾದ ರೈತ ಯಾವ ಅರ್ಥ ಹೇಳಿ ಸೋತನೋ ಅದೇ ಅರ್ಥ ಹೇಳಿ ಇಲ್ಲಿಯ ಕಾನ್‌ಸ್ಟೆಬಲ್ ಗೆದ್ದರು. ಚಿತ್ರದ ಒಳಗೆ ಅರ್ಥ ಇರಲಿಲ್ಲ. ಸುತ್ತಲಿನ ಮಾತು, ಹಳೆಯ ರೂಢಿ, ಕೊನೆಗೆ ನ್ಯಾಯಾಧೀಶರ ವಿವೇಚನೆ ಅದಕ್ಕೆ ಅರ್ಥ ತುಂಬಿದವು. ಆನ್‌ಲೈನ್ ಮಾರಾಟದಲ್ಲಿ, ದಿನದ ಮಾತುಕತೆಯಲ್ಲಿ ಎಮೋಜಿ ಬಳಸುವವರು, ಅದರಲ್ಲೂ ರಾಯಚೂರಿನಂಥ ಜಿಲ್ಲೆಯಲ್ಲಿ ಬಳಸುವವರು, ಈ ಸಂಗತಿಯನ್ನು ಹಗುರಾಗಿ ತೆಗೆದುಕೊಳ್ಳಬಾರದು.

ರಾಯಚೂರಿನಂಥ ಜಿಲ್ಲೆ ಎನ್ನಲು ಕಾರಣವಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ 59.56, ಜಿಲ್ಲೆಯ ಹೆಣ್ಣುಮಕ್ಕಳದು ಶೇ 48.73. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಈ ಜಿಲ್ಲೆಯ ದೇವದುರ್ಗ ಇತ್ತು. ಇಲ್ಲಿ ಹೆಬ್ಬೆರಳಿಗೆ ಹಳೆಯ ಚರಿತ್ರೆಯಿದೆ. ಸೊಸೈಟಿಯ ಸಾಲ, ಹೊಲದ ಖರೀದಿ, ಸ್ವಸಹಾಯ ಸಂಘದ ನಡಾವಳಿ, ಉದ್ಯೋಗ ಖಾತ್ರಿಯ ಕೂಲಿ, ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿ ಬದುಕಿದ ತಲೆಮಾರುಗಳಿವೆ. ಅದಕ್ಕೆ ಕಾನೂನಿನ ಬೆಂಬಲವೂ ಇದೆ: 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ, ಹೆಸರು ಬರೆಯಲು ಬಾರದವರು ಹಾಕುವ ಗುರುತೂ ರುಜುವೇ.

ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಸಾವ್ಕಾರರ ಕಥೆಗಳು ಈ ಸೀಮೆಯ ಊರೂರಿನಲ್ಲೂ ಇವೆ. ಆ ಮೋಸಕ್ಕೆ ತಡೆ ಹಾಕಲೆಂದೇ ಹೆಬ್ಬೆಟ್ಟಿನ ಸುತ್ತ ಕೆಲವು ಕಟ್ಟಳೆಗಳು ಬೆಳೆದವು. ಪತ್ರವನ್ನು ಓದಿ ಹೇಳಬೇಕು, ತಿಳಿಯಿತೇ ಎಂದು ಕೇಳಬೇಕು, ಸಾಕ್ಷಿಗಳು ಎದುರಿಗಿರಬೇಕು, ಓದಿ ಹೇಳಿದ್ದೇವೆ ಎಂದು ಪತ್ರದಲ್ಲೇ ಬರೆಯಬೇಕು. ಬೆರಳಿನ ಗೆರೆ ಒಬ್ಬರದು ಇನ್ನೊಬ್ಬರಿಗೆ ಇರುವುದಿಲ್ಲವಾದ್ದರಿಂದ ಒತ್ತಿದವರು ಯಾರು ಎಂಬ ತಕರಾರೂ ಉಳಿಯುವುದಿಲ್ಲ. ಪರದೆಯ ಹೆಬ್ಬೆರಳಿಗೆ ಈ ಯಾವ ಕಾವಲೂ ಇಲ್ಲ. ಓದಿ ಹೇಳಿದವರಿಲ್ಲ, ಸಾಕ್ಷಿಯಿಲ್ಲ; ಒತ್ತಿದ ಬೆರಳು ಯಾರದೆಂದೂ ಗೊತ್ತಾಗುವುದಿಲ್ಲ. ಮನೆಗೊಂದೇ ಮೊಬೈಲ್ ಇರುವ ಕಡೆ ಅದು ಮಗನ ಕೈಯಲ್ಲೋ ಮೊಮ್ಮಗಳ ಕೈಯಲ್ಲೋ ಇರುತ್ತದೆ. ಹೊಲದ ಪಟ್ಟಾ ಇರುವ ಅಜ್ಜಿಯ ಹೆಸರಿನಲ್ಲಿ ಯಾರು ಬೇಕಾದರೂ ಉತ್ತರ ಕೊಟ್ಟಿರಬಹುದು.

ನನ್ನ ವಾದ ಇಷ್ಟೇ: ಪ್ರೀತಿ, ಸಂತೋಷ, ದುಃಖ, ಮರ್ಯಾದೆಗಳನ್ನು ತೋರಲು ಎಮೋಜಿ ಒಳ್ಳೆಯದು, ಕಣ್ಣು ಸೆಳೆಯಲೂ ಒಳ್ಳೆಯದು. ದರ, ತೂಕ, ಗುಣಮಟ್ಟ, ಒಪ್ಪಿಗೆ, ಅಪಾಯ, ಈ ಐದನ್ನು ಅದಕ್ಕೆ ವಹಿಸಬಾರದು. ಇವನ್ನು ಮಾತಿನಲ್ಲಿ ಬರೆಯಬೇಕು, ಇಲ್ಲವೆ ಬಾಯಿಂದ ಹೇಳಬೇಕು. ಓದು ಬಾರದವರು ಹೆಚ್ಚಿರುವ ಕಡೆ ಈ ನಿಯಮ ಇನ್ನೂ ಬಿಗಿಯಾಗಿರಬೇಕು.

ಇದಕ್ಕೆ ನೇರ ವಿರುದ್ಧವಾದ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಅಕ್ಷರ ಬಾರದವರಿಗೆ ಚಿತ್ರವೇ ಸುಲಭ, ಆದ್ದರಿಂದ ಹಳ್ಳಿಯ ಗಿರಾಕಿಗೆ ಎಮೋಜಿಯಲ್ಲೇ ಹೇಳಿ ಎಂಬುದು ಆ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ರಾಯಚೂರು ನಗರದ ಸೀರೆ ಅಂಗಡಿಯವರೊಬ್ಬರ ಸ್ಟೇಟಸ್ ನೋಡುವವರಲ್ಲಿ ಕನ್ನಡ ಓದುವವರಿದ್ದಾರೆ, ತೆಲುಗು ಓದುವವರಿದ್ದಾರೆ, ಉರ್ದು ಓದುವವರಿದ್ದಾರೆ, ಯಾವುದನ್ನೂ ಓದದವರೂ ಇದ್ದಾರೆ. ಮೂರು ಲಿಪಿಗಳ ಊರಿನಲ್ಲಿ ಸೀರೆಯ ಚಿತ್ರ ಎಲ್ಲರಿಗೂ ಒಂದೇ. ಇನ್ನು ಮೊಬೈಲಿನಲ್ಲಿ ಕನ್ನಡ ಬರೆಯುವ ಕಷ್ಟವಿದೆ: ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಸಲ ಬೆರಳಾಡಿಸಬೇಕು. ಆ ಬೇಸರಕ್ಕೆ ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹಾಗೆ ಬರೆದದ್ದನ್ನು ಬಹಳಷ್ಟು ಹಿರಿಯರಿಗೆ ಓದಲಾಗುವುದಿಲ್ಲ. ಚಿತ್ರ ಆ ಕೊರತೆಯನ್ನು ತುಂಬುತ್ತದೆ.

ಮರ್ಯಾದೆಯ ವಿಷಯವಂತೂ ನಿಜವಾಗಿ ದೊಡ್ಡದು. ರಾಯಚೂರು ಸೀಮೆಯ ಮಾತಿನಲ್ಲಿ ‘ಆತ್ರಿ’, ‘ಹೌದ್ರಿ’, ‘ಬರ್ರಿ’ ಎಂಬಲ್ಲಿ ಇಡೀ ಸಂಬಂಧವೇ ಇರುತ್ತದೆ. ‘ಓಕೆ’ ಎಂದು ಎರಡಕ್ಷರ ಒತ್ತಿ ಕಳಿಸಿದರೆ ವಯಸ್ಸಾದವರಿಗೆ ಎದುರಿಗೆ ನಿಂತು ಒರಟಾಗಿ ಮಾತಾಡಿದಂತೆ ಕೇಳಿಸುತ್ತದೆ. ಪಕ್ಕದಲ್ಲಿ ಜೋಡಿಸಿದ ಕೈಗಳ ಚಿತ್ರವೊಂದು ಬಂದರೆ ಆ ಒರಟು ಹೋಗುತ್ತದೆ. ಸಾವಿನ ಸುದ್ದಿಗೆ ಹಿಂದೂಗಳು ಕೈಮುಗಿದ ಚಿತ್ರ ಕಳಿಸಿದರೆ, ಮುಸ್ಲಿಂ ನೆರೆಹೊರೆಯವರು ದುವಾಕ್ಕೆ ತೆರೆದ ಅಂಗೈಗಳ ಚಿತ್ರ ಕಳಿಸುತ್ತಾರೆ. ಎರಡೂ ಒಂದೇ ಗ್ರೂಪಿನಲ್ಲಿ ಒಂದರ ಕೆಳಗೊಂದು ಕೂತಿರುತ್ತವೆ. ಇದನ್ನು ಭಾಷೆಯ ಅವನತಿ ಎನ್ನುವವರ ಜೊತೆ ನಾನಿಲ್ಲ. ಎದುರುಬದುರು ಕೂತಾಗ ಮುಖ, ಕೈ, ದನಿ ಮಾಡುತ್ತಿದ್ದ ಕೆಲಸವನ್ನು ಈ ಚಿತ್ರಗಳು ಮಾಡುತ್ತಿವೆ, ಅದು ಬೇಕಾದ ಕೆಲಸ.

ಸತ್ಯದ ಇನ್ನರ್ಧ ತಿಳಿಯಲು ಎಮೋಜಿಯ ಹಿನ್ನೆಲೆ ನೋಡಬೇಕು. ಜಪಾನಿನ ಡೊಕೊಮೊ ಕಂಪನಿಗಾಗಿ ಶಿಗೆತಾಕಾ ಕುರಿತಾ 1999ರಲ್ಲಿ ರೂಪಿಸಿದ 176 ಎಮೋಜಿಗಳಲ್ಲಿ ಸೂರ್ಯ, ಮೋಡ, ಕೊಡೆಗಳಿದ್ದವು. ಪುಟ್ಟ ಪರದೆಯ ಮೇಲೆ ಹವಾಮಾನವನ್ನು ಥಟ್ಟನೆ ತೋರಿಸುವುದು ಅವುಗಳ ಒಂದು ಉಪಯೋಗವಾಗಿತ್ತು. ಮೋಡವೆಂದರೆ ಮೋಡ, ಬೇರೆ ಅರ್ಥವಿಲ್ಲ. 2010ರಲ್ಲಿ ಅಕ್ಷರಗಳ ಸಂಕೇತ ಗೊತ್ತುಮಾಡುವ ಯೂನಿಕೋಡ್ ಸಂಸ್ಥೆ ಇಂಥ ಚಿತ್ರಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡ ಮೇಲೆ ಅವು ಲೋಕದ ಎಲ್ಲ ಮೊಬೈಲುಗಳಿಗೂ ಬಂದವು, ಜೊತೆಗೆ ಅರ್ಥಗಳೂ ಸಡಿಲಾದವು. ಪಟ್ಟಿ ಈಗಲೂ ಬೆಳೆಯುತ್ತಿದೆ. ಸೀರೆ, ಆಟೊ, ಹಣತೆ 2019ರಲ್ಲಿ ಬಂದವು. ಭತ್ತದ ತೆನೆ ಇದೆ. ರಾಯಚೂರು ಗಂಜಿನ (ಕೃಷಿ ಮಾರುಕಟ್ಟೆಯ) ಬದುಕಾದ ಹತ್ತಿಯ ಕಾಯಿಗೂ, ನಮ್ಮ ರೊಟ್ಟಿಯ ಬಿಳಿಜೋಳದ ತೆನೆಗೂ ಚಿತ್ರವಿಲ್ಲ. ಎಲ್ಲೋ ಕೂತು ನಿರ್ಧರಿಸುವ ಪಟ್ಟಿಯಿಂದ ನಮ್ಮ ಮಾರುಕಟ್ಟೆಯ ಮಾತು ಪೂರ್ತಿ ಆಡಲಾಗದು ಎಂಬುದಕ್ಕೆ ಇದೊಂದೇ ಸಾಕು.

ಅಕ್ಷರಕ್ಕೂ ಚಿತ್ರಕ್ಕೂ ಕೆಲಸ ಹಂಚುವುದು ಇಲ್ಲಿ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದು ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿಸಿದ ವಿವರವನ್ನು ಅದರ ಮೇಲೆ ಕೆತ್ತಿಸಿದ್ದಾರೆ. ಅಲ್ಲೇ ಗೋಡೆಯ ಮೇಲೆ ಇನ್ನೊಂದು ಕೆತ್ತನೆಯಿದೆ: ಆ ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ, ಸಾಲಾಗಿ ಕಟ್ಟಿದ ಜಾನುವಾರುಗಳಿಂದ ಎಳೆಸಿ ತಂದ ದೃಶ್ಯ. ಯಾರು, ಯಾವಾಗ, ಏನು ಎಂಬುದನ್ನು ಅವರು ಅಕ್ಷರದಲ್ಲಿಟ್ಟರು. ಎಷ್ಟು ಶ್ರಮವಾಯಿತು, ಎಷ್ಟು ಜನ ಕೂಗಿ ಹುರಿದುಂಬಿಸಿದರು ಎಂಬುದನ್ನು ಚಿತ್ರದಲ್ಲಿಟ್ಟರು. ಓದು ಬಲ್ಲವರು ಬೆರಳೆಣಿಕೆಯಷ್ಟೇ ಇದ್ದ ಕಾಲದಲ್ಲೂ ಇಸವಿಯನ್ನು ಚಿತ್ರದಲ್ಲಿ ಹೇಳಲು ಅವರು ಹೋಗಲಿಲ್ಲ. ಕೆಲಸದ ಈ ಹಂಚಿಕೆ ಏಳುನೂರು ವರ್ಷ ಕಳೆದರೂ ಸರಿಯಾಗಿಯೇ ಇದೆ ಎಂದು ನನಗನ್ನಿಸುತ್ತದೆ.

ಚಿತ್ರ ನಿರಕ್ಷರರಿಗೆ ನೆರವಾದ ನಿದರ್ಶನಗಳು ನಮ್ಮಲ್ಲಿ ಇಲ್ಲವೆಂದಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲಿ ಪಕ್ಷಗಳ ಚಿಹ್ನೆಗಳನ್ನು ಮತಪೆಟ್ಟಿಗೆಗಳ ಮೇಲೆ ಅಂಟಿಸಿದರು. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿನ ಜನ ಚಿತ್ರ ನೋಡಿಯೇ ಮತ ಹಾಕಿದರು. ಆ ಚಿತ್ರ ಕೆಲಸ ಮಾಡಿದ್ದು ಚಿತ್ರವಾಗಿದ್ದಕ್ಕಲ್ಲ. ಯಾವ ಚಿಹ್ನೆ ಯಾರದು ಎಂದು ಒಂದು ಆಯೋಗ ಮೊದಲೇ ಗೊತ್ತುಮಾಡಿತ್ತು, ತಿಂಗಳುಗಟ್ಟಲೆ ಊರೂರಿಗೆ ಸಾರಿದ್ದರು, ಬದಲಾಯಿಸುವ ಹಕ್ಕು ಯಾರಿಗೂ ಇರಲಿಲ್ಲ. ಹಾಗೆ ಅರ್ಥ ಗೊತ್ತುಮಾಡಿ ಬಹಿರಂಗವಾಗಿ ಕಾಯ್ದುಕೊಂಡಾಗ ಚಿತ್ರ ಅಕ್ಷರದಷ್ಟೇ ಗಟ್ಟಿ. ಮಾರುವವರ ಮನಸ್ಸಿಗೆ ಬಂದಂತೆ ಅರ್ಥ ಬದಲಾಗುವುದಾದರೆ, ಅಕ್ಷರ ಬಲ್ಲವರಿಗಿಂತ ಬಾರದವರಿಗೇ ಅದರಿಂದ ಹೆಚ್ಚು ಹಾನಿ. ಬಲ್ಲವರು ಚಿತ್ರದ ಪಕ್ಕದ ಸಾಲು ಓದಿ ಅನುಮಾನ ತೀರಿಸಿಕೊಳ್ಳಬಲ್ಲರು. ಬಾರದವರಿಗೆ ಚಿತ್ರವೇ ಕೊನೆಯ ಮಾತು.

ಇದು ಪ್ರಾಣಕ್ಕೆ ಸಂಬಂಧಿಸಿದ ಮಾತಾಗುವುದು ಗೊಬ್ಬರದಂಗಡಿಯಲ್ಲಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ದೇವದುರ್ಗದ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತ ಹೆಚ್ಚಾದವು. ಜೊತೆಗೆ ಎಣ್ಣಿ (ಕೀಟನಾಶಕ) ಹೊಡೆಯುವುದೂ ಹೆಚ್ಚಾಯಿತು. ಕೀಟನಾಶಕದ ಪ್ರತಿ ಡಬ್ಬಿಯ ಮೇಲೆ, ಒಂದು ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದು ಇರುತ್ತದೆ. ಅದನ್ನು ಎರಡು ತ್ರಿಕೋನಗಳಾಗಿ ಸೀಳಿ, ಕೆಳಗಿನದಕ್ಕೆ ಬಣ್ಣ, ಮೇಲಿನದಕ್ಕೆ ಎಚ್ಚರಿಕೆಯ ಮಾತು ಕೊಟ್ಟಿರುತ್ತಾರೆ. 1971ರ ಕೀಟನಾಶಕ ನಿಯಮಗಳು ಗೊತ್ತುಮಾಡಿದ ಕ್ರಮ ಇದು. ಕೆಂಪು ಎಂದರೆ ಅತಿ ಘೋರ ವಿಷ, ಮೇಲಿನ ತ್ರಿಕೋನದಲ್ಲಿ ತಲೆಬುರುಡೆ ಮತ್ತು ಮೂಳೆಗಳ ಗುರುತು ಇರಲೇಬೇಕು. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಇಷ್ಟು ಸ್ಪಷ್ಟವಾಗಿ ಕಾನೂನು ಕಟ್ಟಿಟ್ಟ ಚಿತ್ರವನ್ನೂ ಜನ ತಪ್ಪಾಗಿ ಓದುತ್ತಾರೆ: ಹಸಿರು ಕಂಡರೆ ಬೆಳೆಗೆ ಒಳ್ಳೆಯದು, ಕೈಗೆ ತಾಕಿದರೂ ಏನೂ ಆಗದು ಎಂದುಕೊಳ್ಳುತ್ತಾರೆ. ಹಸಿರು ಪಟ್ಟಿಯ ಡಬ್ಬಿಯಲ್ಲಿರುವುದೂ ವಿಷವೇ.

ಈಗ ಅದೇ ಡಬ್ಬಿಯ ಫೋಟೊ ಅಂಗಡಿಯ ಸ್ಟೇಟಸ್ಸಿನಲ್ಲಿ ಬರುತ್ತದೆ. ಮೇಲೆ ಮೊಳಕೆಯ ಚಿತ್ರ, ಬೆಂಕಿಯ ಚಿತ್ರ, ನೂರಕ್ಕೆ ನೂರು ಎಂಬ ಕೆಂಪು ಅಂಕಿ, ಬಿಗಿದ ತೋಳಿನ ಚಿತ್ರ. ಡಬ್ಬಿಯ ಮೇಲಿನ ಆ ಚೌಕ ಫೋಟೊದಲ್ಲಿ ಕಾಣದಷ್ಟು ಸಣ್ಣದಾಗಿ ಹೋಗಿರುತ್ತದೆ, ಇಲ್ಲವೆ ಒಂದು ನಕ್ಷತ್ರದ ಕೆಳಗೆ ಮುಚ್ಚಿಹೋಗಿರುತ್ತದೆ. ಕಾನೂನು ಕಡ್ಡಾಯ ಮಾಡಿದ ಒಂದು ಚಿತ್ರವನ್ನು ಯಾವ ಹೊಣೆಯೂ ಇಲ್ಲದ ನಾಲ್ಕು ಚಿತ್ರಗಳು ನುಂಗಿಹಾಕುತ್ತವೆ. ಅಂಗಡಿಯವರಿಗೆ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಎಲ್ಲರೂ ಹಾಕುತ್ತಾರೆ, ತಾವೂ ಹಾಕಿದರು. ಆದರೆ ಮೊಳಕೆಯ ಚಿತ್ರ ನೋಡಿ ಕೈಗವಸಿಲ್ಲದೆ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಸಿಂಪಡಿಸುವ ಕೂಲಿಯವರ ಮೈಗೆ ಉದ್ದೇಶ ಮುಖ್ಯವಾಗುವುದಿಲ್ಲ. ಕೃಷಿ ಸಾಮಗ್ರಿಯ ಜಾಹೀರಾತಿನಲ್ಲಿ ವಿಷದ ಬಣ್ಣದ ಚೌಕವನ್ನು ಡಬ್ಬಿಯಷ್ಟೇ ಸ್ಪಷ್ಟವಾಗಿ ತೋರಿಸಬೇಕು, ಅದರ ಹತ್ತಿರ ಬೇರೆ ಯಾವ ಅಲಂಕಾರದ ಚಿತ್ರವೂ ಇರಬಾರದು ಎಂದು ಕೃಷಿ ಇಲಾಖೆ ಹೇಳಬೇಕು. ಇದನ್ನು ನಾನು ಸಲಹೆಯೆಂದು ಹೇಳುತ್ತಿಲ್ಲ, ಆಗಲೇಬೇಕಾದ ಕೆಲಸವೆಂದು ಹೇಳುತ್ತಿದ್ದೇನೆ.

ಉಳಿದ ಮಾರಾಟಗಾರರಿಗೂ ಕಾನೂನು ಇಲ್ಲದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಹೀರಾತು ಎಂದರೆ ಕೇಳಿಸುವ, ಕಾಣಿಸುವ ಎಲ್ಲ ಪ್ರಚಾರವೂ ಸೇರುತ್ತದೆ; ಇಂಟರ್‌ನೆಟ್ಟಿನದೂ ಸೇರುತ್ತದೆ. ತುಪ್ಪದ ಫೋಟೊ ಪಕ್ಕ ನೂರರ ಅಂಕಿ ಹಾಕಿದರೆ ಅದು ಶುದ್ಧತೆಯ ಮಾತೇ ಆಗುತ್ತದೆ. ಚಿತ್ರ ಹಾಕಿದ್ದೆ, ಬರೆದಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ದಾರಿ ಇರಬಾರದು. ಸರಕು ಬೇಕಾದಷ್ಟಿದ್ದರೂ ಓಡುವ ಗಡಿಯಾರದ ಚಿತ್ರ ಹಾಕಿ ಇಂದೇ ಕೊನೆ ಎಂದು ಅವಸರಪಡಿಸುವುದನ್ನು, 2023ರ ನವೆಂಬರಿನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಸುಳ್ಳು ತುರ್ತು ಎಂದು ಹೆಸರಿಟ್ಟು ನಿಷೇಧಿಸಿದೆ. ಆ ಮಾರ್ಗಸೂಚಿ ಬರೆದವರ ಕಣ್ಣು ದೊಡ್ಡ ಆನ್‌ಲೈನ್ ಕಂಪನಿಗಳ ಮೇಲಿತ್ತು. ನಿವೇಶನ ಮಾರುವವರ ಸ್ಟೇಟಸ್ಸುಗಳನ್ನು ನೋಡಿದರೆ ಆ ತುರ್ತಿನ ರೋಗ ರಾಯಚೂರಿನ ತೀನ್ ಕಂದೀಲಿನ ತನಕವೂ ಬಂದಿದೆ.

ಬರೀ ಚಿತ್ರದಿಂದ ವ್ಯಾಪಾರ ನಡೆದ ಉದಾಹರಣೆಯಾಗಿ ಮಾರ್ಕೆಟಿಂಗ್‌ನವರು ಡಾಮಿನೋಸ್‌ ಹೆಸರು ಹೇಳುತ್ತಾರೆ. 2015ರಲ್ಲಿ ಅಮೆರಿಕದಲ್ಲಿ ಪಿಜ್ಜಾದ ಎಮೋಜಿಯೊಂದನ್ನು ಟ್ವಿಟರ್‌ನಲ್ಲಿ ಕಳಿಸಿದರೆ ಮನೆಗೆ ಪಿಜ್ಜಾ ಬರುತ್ತಿತ್ತು. ಯಾವ ಪಿಜ್ಜಾ, ಯಾವ ವಿಳಾಸ, ಹಣ ಹೇಗೆ ಎಂಬುದನ್ನೆಲ್ಲ ಗಿರಾಕಿ ಮೊದಲೇ ಅಕ್ಷರದಲ್ಲಿ ಬರೆದು ನೋಂದಾಯಿಸಿದ್ದರೆ ಮಾತ್ರ ಅದು ಸಾಧ್ಯವಿತ್ತು. ಮಾನ್ವಿಯ ರೈತ ಮತ್ತು ದಲಾಲರ ನಡುವೆಯೂ ಹಾಗೆ ಮೊದಲೇ ಎಲ್ಲ ಮಾತಾಗಿ, ‘ಹೆಬ್ಬೆರಳು ಬಂದ್ರ ಒಪ್ಪಿದಂಗ’ ಎಂದು ಇಬ್ಬರೂ ತಿಳಿದಿದ್ದರೆ ನನ್ನ ತಕರಾರಿಲ್ಲ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ರೂಢಿಯಲ್ಲೂ ಯಾವ ಬೆರಳಿಗೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಕಣ್ಣು ಕಾಣದವರನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ಅವರ ಮೊಬೈಲು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಎಮೋಜಿಯ ಹೆಸರನ್ನೂ ಓದುತ್ತದೆ. ಹತ್ತು ಬೆಂಕಿಯ ಚಿತ್ರಗಳ ನಡುವೆ ದರ ಸಿಕ್ಕಿಸಿದರೆ ಅವರು ಬೆಂಕಿ ಬೆಂಕಿ ಎಂಬುದನ್ನು ಕೇಳುತ್ತ ಕೂರಬೇಕು. ಚಿತ್ರ ಒಂದೆರಡಿದ್ದು, ಮಾತಿನ ಕೊನೆಗಿದ್ದರೆ ಅವರಿಗೂ ಅಂಗಡಿ ತೆರೆದಿದೆ ಎಂದಾಗುತ್ತದೆ.

ಮಾತಿಗೆ ಹೊತ್ತಿಲ್ಲ, ಬರೆಯಲು ಬರುವುದಿಲ್ಲ ಎಂಬ ನೆಪ ವಾಯ್ಸ್ ಮೆಸೇಜ್ ಬಂದ ಮೇಲೆ ನಿಲ್ಲುವುದಿಲ್ಲ. ‘ಗೌಡ್ರ, ಚೀಲಕ್ಕ ಇಷ್ಟು ರೂಪಾಯಿ, ತೂಕ 75 ಕೆ.ಜಿ., ಹಸಿ ಇದ್ರ ಇಷ್ಟು ಮುರೀತೀವಿ, ರೊಕ್ಕ ಎಂಟು ದಿನಕ್ಕ ಕೊಡ್ತೀವಿ. ಹೌದಂದ್ರ ಬಾಯಿಲೆ ಹೇಳ್ರಿ’ ಎನ್ನಲು ಅರ್ಧ ನಿಮಿಷ ಸಾಕು. ಓದು ಬಾರದವರಿಗೂ ತಿಳಿಯುತ್ತದೆ, ಕಣ್ಣು ಕಾಣದವರಿಗೂ ಕೇಳುತ್ತದೆ, ತೆಲುಗಿನಲ್ಲೋ ದಖನಿಯಲ್ಲೋ ಹೇಳಬೇಕಾದರೆ ಹಾಗೂ ಹೇಳಬಹುದು. ಉತ್ತರ ಅವರ ದನಿಯಲ್ಲೇ ಬರುತ್ತದೆ; ಯಾರು ಹೇಳಿದರೆಂಬ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಆಮೇಲೆ ಹೆಬ್ಬೆರಳು, ಹೂವು, ಕೈಮುಗಿದ ಚಿತ್ರ ಎಷ್ಟು ಬೇಕಾದರೂ ಬರಲಿ. ಇದನ್ನು ಮೊದಲು ರೂಢಿಗೆ ತರಬೇಕಾದವರು ಅಂಗಡಿಯವರು ಮತ್ತು ಫಸಲಿನ ಖರೀದಿದಾರರು, ರೈತರಲ್ಲ. ವ್ಯವಹಾರ ಕೆಟ್ಟರೆ ವಕೀಲರನ್ನು ಹಿಡಿಯುವ ಶಕ್ತಿ ಆ ವ್ಯಾಪಾರಿಗಳಿಗಿದೆ. ದೇವದುರ್ಗದ ಹಳ್ಳಿಯೊಂದರಿಂದ ರಾಯಚೂರಿನ ಗ್ರಾಹಕರ ಆಯೋಗಕ್ಕೆ ಒಮ್ಮೆ ಬಂದುಹೋಗಲು ಬಡವರಿಗೆ ಒಂದು ದಿನದ ಕೂಲಿಯೂ ಬಸ್ಸಿನ ಚಾರ್ಜೂ ಹೋಗುತ್ತವೆ, ಕೇಸಂತೂ ಒಂದು ಸಲಕ್ಕೆ ಮುಗಿಯುವುದಿಲ್ಲ.